ಮುಂದಿನ ಸರ್ತಿ

ಹಡಗಿನ ಭೋಂಗಾ ಏಳು ಸಲ ಚುಟುಕಾಗಿ ಕೂಗಿ, ಎಂಟನೆಯ ಕೂಗನ್ನು ಉದ್ದಕ್ಕೆ ಎಳೆಯಿತು. 2023ರ ನವೆಂಬರ್, ಮುಂಬಯಿಯ ಬ್ಯಾಲಾರ್ಡ್ ಪಿಯರ್. ಹಡಗು ಇನ್ನೂ ದಡದ ಹಗ್ಗ ಬಿಚ್ಚಿರಲಿಲ್ಲ. "ಅಮ್ಮ, ಇದು ಬರೀ ಡ್ರಿಲ್ಲು, ಗಾಬರಿ ಆಗಬೇಡ" ಎಂದು ಮಗಳು ಮೊದಲೇ ಹೇಳಿದ್ದರೂ ಆ ಸದ್ದಿಗೆ ಎದೆ ಝಲ್ಲೆಂದಿತು. ಹತ್ತುವಾಗ ಕೈಗೆ ಕೊಟ್ಟ ಕಾರ್ಡಿನ ಮೂಲೆಯಲ್ಲಿ ಒಂದು ಅಕ್ಷರ ಅಚ್ಚಾಗಿತ್ತು. ಆಪತ್ತು ಬಂದರೆ ಯಾರು ಎಲ್ಲಿ ಸೇರಬೇಕೆಂದು ಹೇಳುವ ಅಕ್ಷರ ಅದು. ನಮ್ಮ ಅಕ್ಷರದವರೆಲ್ಲ ಒಂದೆಡೆ ಸಾಲಾಗಿ ನಿಂತೆವು. ಬಾಲ್ಕನಿ ಇರುವ ದೊಡ್ಡ ಕೋಣೆಯವರು, ಕಿಟಕಿಯೇ ಇಲ್ಲದ ಒಳಕೋಣೆಯವರು, ಹೊಸದಾಗಿ ಮದುವೆಯಾದವರು, ಗಾಲಿಕುರ್ಚಿಯ ಅಜ್ಜ, ಎಲ್ಲರೂ ಒಂದೇ ಸಾಲಿನಲ್ಲಿದ್ದರು.

ಎಲ್ಲರೂ ಬಂದಾಯಿತು ಅನ್ನುವಾಗ ಒಂದು ಕುಟುಂಬ ತಡವಾಗಿ ಬಂತು. ಗಂಡ, ಹೆಂಡತಿ, ಹೆಂಡತಿಯ ಹೆಗಲ ಮೇಲೆ ನಿದ್ದೆಹೋದ ಕೂಸು. ಜಾಗ ಇಕ್ಕಟ್ಟಾಗಿತ್ತು. ಮುಂದಿನ ಸಾಲಿನ ಒಬ್ಬ ಹೆಂಗಸು, ಇವರನ್ನು ಬೇರೆ ಕಡೆ ನಿಲ್ಲಿಸಬಾರದೇ ಎಂದು ಕೇಳಿದರು. ಹಡಗಿನ ಕೆಲಸದ ಹುಡುಗಿ ನಗುತ್ತಲೇ, ಆದರೆ ಬಿಗಿಯಾಗಿ ಹೇಳಿದಳು: "ಇವರೂ ಇದೇ ಅಕ್ಷರದವರು. ದಯವಿಟ್ಟು ಎಲ್ಲರೂ ಸ್ವಲ್ಪ ಸರಿಯಿರಿ." ಸಾಲು ಸರಿಯಿತು, ಜಾಗ ಆಯಿತು. ಆ ತಾಯಿ ಬಂದು ನನ್ನ ಪಕ್ಕದಲ್ಲೇ ನಿಂತಳು.

ಆಮೇಲೆ ಆ ಹುಡುಗಿ ಜೀವರಕ್ಷಕ ಅಂಗಿ ತೊಡುವುದು ಹೇಗೆ, ಅದರ ಸೀಟಿ ಎಲ್ಲಿದೆ, ದೀಪ ಎಲ್ಲಿದೆ ಎಂದು ತೋರಿಸುತ್ತಿದ್ದದ್ದು ಯಾವುದೂ ನನ್ನ ತಲೆಗೆ ಹೋಗಲಿಲ್ಲ. ಐವತ್ತು ವರ್ಷದ ಹಿಂದಿನ ನನ್ನ ಅಜ್ಜಿಯ ದನಿ ಕಿವಿಯಲ್ಲಿ ಕೂತುಬಿಟ್ಟಿತ್ತು. "ಆಕಿ ಮುಂದಿನ ಸರ್ತಿ ಬರ್ಲಿ."

ನಾನು ಹುಟ್ಟಿ ಬೆಳೆದದ್ದು ಸಿರುಗುಪ್ಪದಲ್ಲಿ. ಅಮ್ಮನ ತವರು ತುಂಗಭದ್ರೆಯ ಆಚೆ ದಡದ ಒಂದು ಸಣ್ಣ ಹಳ್ಳಿ. ಈಗ ದಢೇಸೂಗೂರು ಸೇತುವೆ ದಾಟಿ ಸಿಂಧನೂರು ರಸ್ತೆ ಹಿಡಿದರೆ ಬಸ್ಸಿನವರು ಆ ಹೊಳೆಯನ್ನು ಕಿಟಕಿಯಿಂದ ನೋಡುವುದರೊಳಗೆ ಮುಗಿದಿರುತ್ತದೆ. ನನ್ನ ಬಾಲ್ಯದಲ್ಲಿ ನಮಗೆ ದಾರಿ ಎಂದರೆ ಹರಗೋಲು. ಆಚೆ ದಡವನ್ನು ಅಜ್ಜಿ ಕಡೆಯವರೆಗೂ 'ಮೊಗಲಾಯಿ' ಎಂದೇ ಕರೆಯುತ್ತಿದ್ದಳು. ಅದು ನಿಜಾಮನ ಸೀಮೆಯಾಗಿತ್ತು, ಈಚೆ ದಡ ಮದರಾಸಿನವರದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ರಾಯಚೂರು ಸೇರಲು 1956 ಆಗಬೇಕಾಯಿತು. ನಡುವಿನ ಮೂರು ವರ್ಷ ನಮ್ಮಮ್ಮ ಒಂದು ರಾಜ್ಯದ ಸೊಸೆ, ಇನ್ನೊಂದು ರಾಜ್ಯದ ಮಗಳು. ಅದಕ್ಕೂ ಮೊದಲು ಅಂಬಿಗರು ಆ ದಡದವರಿಂದ ಹಾಲಿ ಸಿಕ್ಕಾ, ಈ ದಡದವರಿಂದ ಇಂಗ್ಲಿಷ್ ರೂಪಾಯಿ, ಎರಡನ್ನೂ ಸೊಂಟದ ಒಂದೇ ಚೀಲಕ್ಕೆ ಇಳಿಬಿಡುತ್ತಿದ್ದರಂತೆ. ಹಡಗಿನಲ್ಲಿ ಒಂದೇ ಕಾರ್ಡಿನಲ್ಲಿ ಬಾಗಿಲೂ ತೆರೆಯುತ್ತದೆ, ಅಂಗಡಿಯ ಲೆಕ್ಕವೂ ಆಗುತ್ತದೆ ಎಂದು ಮಗಳು ತೋರಿಸುವಾಗ ನನಗೆ ಆ ಚೀಲ ನೆನಪಾಗಿತ್ತು.

ನಾವು ಹತ್ತಿದ ಹಡಗು ಕಾರ್ಡೇಲಿಯಾದವರ ಎಂಪ್ರೆಸ್. ಉದ್ದ 211 ಮೀಟರ್, ಒಮ್ಮೆಗೆ 1,800ರಷ್ಟು ಪ್ರಯಾಣಿಕರನ್ನು ಹೊರುತ್ತದೆ. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿ 1990ರಲ್ಲಿ ಯಾನ ಶುರುಮಾಡಿದಾಗ ಅದರ ಹೆಸರು ನಾರ್ಡಿಕ್ ಎಂಪ್ರೆಸ್. ಆಮೇಲೆ ಒಡೆಯರು ಬದಲಾದರು, ಹೆಸರು ಬದಲಾಯಿತು, ಕೊನೆಗೆ ಮೂವತ್ತು ವರ್ಷದ ಮೇಲೆ ನಮ್ಮ ಕಡಲಿಗೆ ಬಂತು. ಹಡಗಿನ ಗಾತ್ರ 48,563 ಟನ್ ಎಂದು ಮಗಳು ಓದಿ ಹೇಳಿದಾಗ ಅಷ್ಟು ತೂಕ ಹೇಗೆ ತೇಲೀತು ಎಂದುಕೊಂಡೆ. ಅದು ತೂಕವಲ್ಲ, ಹಡಗಿನ ಒಳಗಿನ ಒಟ್ಟು ಜಾಗದ ಅಳತೆ ಎಂದು ಆಮೇಲೆ ತಿಳಿಯಿತು. ಗಣಿತ ಕಲಿಸಿ ನಿವೃತ್ತಳಾದವಳಿಗೆ ಇದು ಹಿಡಿಸಿತು. ಎಷ್ಟು ಭಾರ ಎನ್ನುವುದಕ್ಕಿಂತ ಎಷ್ಟು ಜಾಗ ಇದೆ ಎನ್ನುವುದರ ಮೇಲೆ ದೋಣಿಯನ್ನು ಅಳೆಯುತ್ತಾರೆ!

ನಮ್ಮ ಹರಗೋಲಿನ ಅಡ್ಡಗಲ ಎಂಟು-ಹತ್ತು ಅಡಿ ಇದ್ದೀತು. ಬಿದಿರಿನ ಸೀಳುಗಳನ್ನು ದೊಡ್ಡ ಬುಟ್ಟಿಯ ಹಾಗೆ ಹೆಣೆದು, ಹೊರಗಿನಿಂದ ಚರ್ಮ ಹೊದಿಸಿ ಬಿಗಿದಿರುತ್ತಿದ್ದರು. ಮುಂದೆ ಪ್ಲಾಸ್ಟಿಕ್ ಚೀಲ, ಡಾಂಬರು ಬಂದವು. ನನ್ನ ಕಾಲಕ್ಕೆ ನಮ್ಮ ಕಟ್ಟೆಯಲ್ಲಿ ಇನ್ನೂ ಚರ್ಮದ್ದೇ ಇತ್ತು. ಒಳಗೆ ಕಾಲಿಟ್ಟರೆ ನೆಲವೇ ಉಸಿರಾಡಿದ ಹಾಗೆ ಒಮ್ಮೆ ತಗ್ಗಿ ಏಳುತ್ತಿತ್ತು. ಹಸಿ ಚರ್ಮ, ಕೆಸರು, ಮೀನು, ಹೆಂಗಸರ ತಲೆಯ ಕೊಬ್ಬರಿ ಎಣ್ಣೆ, ಎಲ್ಲ ಸೇರಿದ ಒಂದು ವಾಸನೆ. ಕೆಲಸವಿಲ್ಲದಾಗ ಅದನ್ನು ದಡದ ಮೇಲೆ ಬೋರಲು ಹಾಕಿ ಒಣಗಿಸುತ್ತಿದ್ದರು. ಅದರಡಿಯ ನೆರಳಿನಲ್ಲಿ ನಾಯಿ ಮಲಗಿರುತ್ತಿತ್ತು.

ಅಂಬಿಗರ ತಾತ ನೇರಕ್ಕೆ ಹೊಳೆ ದಾಟಿಸುತ್ತಿರಲಿಲ್ಲ. ಮೊದಲು ದಡದ ಗುಂಟ ಹರಗೋಲನ್ನು ಎಳೆದುಕೊಂಡು ಮೇಲಕ್ಕೆ ಹೋಗಬೇಕು. ಎಷ್ಟು ದೂರ ಎನ್ನುವುದನ್ನು ಅವತ್ತಿನ ನೀರಿನ ಸೆಳವು ಹೇಳುತ್ತದೆ. ಅಲ್ಲಿಂದ ಬಿಟ್ಟರೆ ಹೊಳೆ ಕೆಳಕ್ಕೆ ತಳ್ಳುತ್ತದೆ, ಹುಟ್ಟು ಅಡ್ಡಕ್ಕೆ ಎಳೆಯುತ್ತದೆ, ಎರಡರ ಜಗಳದಲ್ಲಿ ಹರಗೋಲು ನಿಧಾನಕ್ಕೆ ತಿರುಗುತ್ತ ಸರಿಯಾಗಿ ಆಚೆ ಕಟ್ಟೆಗೆ ಹೋಗಿ ಮುಟ್ಟುತ್ತದೆ. ಒಂದು ದಿನವೂ ತಾತನ ಲೆಕ್ಕ ತಪ್ಪಿದ್ದು ನಾನು ನೋಡಲಿಲ್ಲ. ಮುಂದೆ ನಾನು ಮಕ್ಕಳಿಗೆ ಎರಡು ಬಲಗಳ ಮೊತ್ತವನ್ನು ಕಲಿಸುವಾಗಲೆಲ್ಲ ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು ಆ ಹೊಳೆಯ ಚಿತ್ರವನ್ನೇ.

ಹೊಸಪೇಟೆಯ ಹತ್ತಿರ ಡ್ಯಾಂ ಆದ ಮೇಲೆ ಹೊಳೆಯ ಸ್ವಭಾವ ಬದಲಾಯಿತು ಎಂದು ತಾತ ಹೇಳುತ್ತಿದ್ದ. ಊರಲ್ಲಿ ಹನಿ ಮಳೆ ಇಲ್ಲದಿದ್ದರೂ ಬಾಗಿಲು ತೆಗೆದರೆ ರಾತ್ರೋರಾತ್ರಿ ಹೊಳೆ ಏರುವುದು. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಸೀರೆ ಎತ್ತಿ ಕಟ್ಟಿ ನಡೆದೇ ದಾಟುತ್ತಿದ್ದೆವು. ಆಗ ತಾತ ಏನು ಮಾಡುತ್ತಿದ್ದ, ಅವನ ಮನೆಯ ಒಲೆ ಹೇಗೆ ಉರಿಯುತ್ತಿತ್ತು ಎಂದು ನಾವು ಒಂದು ದಿನವೂ ಕೇಳಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಆಯದ ಕಾಳು ಒಯ್ಯುತ್ತಿದ್ದ. ಅಜ್ಜ ಅಳೆದು ಹಾಕುವಾಗ ಕೊನೆಯ ಸೇರನ್ನು ಸ್ವಲ್ಪ ಕಡಿಮೆ ತುಂಬಿಸುತ್ತಿದ್ದದ್ದು ನನ್ನ ಕಣ್ಣಿಗೆ ಬಿದ್ದಿದೆ. ತಾತನ ಕಣ್ಣಿಗೂ ಬಿದ್ದಿರಬೇಕು.

ಹರಗೋಲಿನಲ್ಲಿ ಕೂರುವುದಕ್ಕೂ ಕ್ರಮವಿತ್ತು. ಅಂಚಿನ ಸುತ್ತ ಸಮನಾಗಿ ಕೂರಬೇಕು, ಚೀಲ-ಮೂಟೆ ನಡುವಿಗೆ. "ಕೂಡ್ರಿ ಕೂಡ್ರಿ, ಬಗ್ಗಬ್ಯಾಡ್ರಿ, ಅಲುಗಾಡಬ್ಯಾಡ್ರಿ." ಈ ಕ್ರಮ ತಾತನದು. ಇದರ ಮೇಲೆ ಇನ್ನೊಂದು ಕ್ರಮವಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ನಮ್ಮಂಥ ಮನೆಯವರು ಕೂತಿದ್ದರೆ ಊರ ಹೊರಗಿನ ಕೇರಿಯವರು ಹತ್ತುತ್ತಿರಲಿಲ್ಲ. ಕಟ್ಟೆಯಿಂದ ಸ್ವಲ್ಪ ದೂರದಲ್ಲಿ ಒಂದು ಜಾಲಿಗಿಡ ಇತ್ತು, ಅದರಡಿ ಕುಕ್ಕರುಗಾಲಿನಲ್ಲಿ ಕೂತು, ನಾವು ದಾಟಿ ಹರಗೋಲು ತಿರುಗಿ ಬರುವುದನ್ನು ಕಾಯುತ್ತಿದ್ದರು.

1971 ಇರಬೇಕು, ನನಗೆ ಹತ್ತು ವರ್ಷ. ಶ್ರಾವಣ ಮಾಸ, ಹೊಳೆ ಕೆಂಪಾಗಿ ತುಂಬಿತ್ತು. ಅಜ್ಜಿ ನನ್ನನ್ನು ಕರೆದುಕೊಂಡು ಸಿರುಗುಪ್ಪಕ್ಕೆ ಹೊರಟಿದ್ದಳು. ಹರಗೋಲಿನಲ್ಲಿ ಏಳೆಂಟು ಜನ ಕೂತಿದ್ದೆವು. ಇನ್ನೂ ನಾಲ್ಕಾರು ಮಂದಿ ಹಿಡಿಸುತ್ತಿದ್ದರು. ಕೇರಿಯ ಹೆಂಗಸೊಬ್ಬಳು ಸೆರಗಿನಲ್ಲಿ ಕೂಸನ್ನು ಸುತ್ತಿಕೊಂಡು ಬಂದಳು. ಕೂಸು ಅಳುತ್ತಿರಲಿಲ್ಲ. ಅಳದೆ ಇದ್ದದ್ದೇ ನನಗೆ ಇವತ್ತಿಗೂ ಹೆದರಿಕೆ ತರುವ ಸಂಗತಿ. ಮೂರು ದಿನದಿಂದ ಜ್ವರ, ಸಿರುಗುಪ್ಪದ ದವಾಖಾನೆಗೆ ಒಯ್ಯಬೇಕು ಎಂದಳು. ಹೇಳಿದ್ದು ತಾತನಿಗೆ, ನೋಡಿದ್ದು ನಮ್ಮನ್ನು. ತಾತ ಹುಟ್ಟನ್ನು ಮಂಡಿಯ ಮೇಲಿಟ್ಟುಕೊಂಡು ಸುಮ್ಮನೆ ಅಜ್ಜಿಯ ಮುಖ ನೋಡಿದ.

"ಆಕಿ ಮುಂದಿನ ಸರ್ತಿ ಬರ್ಲಿ," ಎಂದಳು ಅಜ್ಜಿ.

ಗದರಿಸಿ ಹೇಳಲಿಲ್ಲ. ಊಟಕ್ಕೆ ಎಲೆ ಸಾಲದಿದ್ದರೆ ಮುಂದಿನ ಪಂಕ್ತಿಗೆ ಕೂಡ್ರಲಿ ಎನ್ನುವಷ್ಟು ಸಹಜವಾಗಿ ಹೇಳಿದಳು. ಮಜ್ಜಿಗೆ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಿದವಳಲ್ಲ ನನ್ನ ಅಜ್ಜಿ. ಅದೇ ಹೆಂಗಸಿಗೂ ನಮ್ಮ ಹಿತ್ತಲಲ್ಲಿ, ಮೇಲಿನಿಂದ, ಎಷ್ಟೋ ಸಲ ಹೊಯ್ದಿದ್ದಳು. ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಲೆ ನೇವರಿಸುತ್ತಿದ್ದ ಕೈ ಅದೇ. ಅವಳನ್ನು ಕೆಟ್ಟವಳೆಂದು ಬರೆಯಲು ನನ್ನಿಂದಾಗದು. ಆದರೆ ಆ ಮಾತನ್ನು ಒಳ್ಳೆಯ ಮಾತೆಂದು ಸುತ್ತಿಡಲೂ ಆಗದು. ತಾತ ಹರಗೋಲು ಬಿಟ್ಟ. ನಾವು ತಿರುಗುತ್ತ ತಿರುಗುತ್ತ ಹೊಳೆ ದಾಟಿದೆವು. ಒಂದೊಂದು ಸುತ್ತಿಗೂ ಒಂದೊಂದು ಸಲ ಆ ಜಾಲಿಗಿಡ ನನ್ನ ಕಣ್ಣಮುಂದೆ ಬಂದು ಹೋಯಿತು, ಪ್ರತಿ ಸಲವೂ ಸ್ವಲ್ಪ ಸಣ್ಣದಾಗಿ.

ಈ ವಯಸ್ಸಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ಆ ಹರಗೋಲಿನ ಚರ್ಮವನ್ನು ಹದ ಮಾಡಿ ಕೊಟ್ಟವರು ಆ ಕೇರಿಯವರೇ. ನೀರು ಒಂದು ಹನಿ ಒಳಗೆ ಬರದ ಹಾಗೆ ಹೊಲಿದವರೂ ಅವರೇ. ಅವರ ಕೈಕೆಲಸದ ಮೇಲೆ ನಾವು ಚಕ್ಕಳಮಕ್ಕಳ ಹಾಕಿ ಕೂತು, ಅವರನ್ನು ಗಿಡದಡಿ ಕೂರಿಸಿ ದಾಟಿದೆವು.

ಆ ಕೂಸು ಏನಾಯಿತು, ನನಗೆ ತಿಳಿಯದು. ಅವತ್ತು ನಾನು ಕೇಳಲಿಲ್ಲ.

ಹಡಗಿನ ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಎಲ್ಲೋ ಕೆಳಗೆ ಯಂತ್ರದ ಗುಂಯ್‌ಗುಟ್ಟುವಿಕೆ, ಮಂಚದ ಚೌಕಟ್ಟಿನಲ್ಲಿ ಅದರ ಸಣ್ಣ ನಡುಕ. ಮೊಬೈಲಿನ ಸಿಗ್ನಲ್ ಸಂಜೆಯೇ ಹೋಗಿತ್ತು. ತರಗತಿಯಲ್ಲಿ ನಾನೇ ಎಷ್ಟೋ ಸಲ ಹೇಳಿದ್ದ ಟೈಟಾನಿಕ್ ಕಥೆ ನೆನಪಾಯಿತು. 1912ರ ಏಪ್ರಿಲ್. ಹಡಗಿನಲ್ಲಿ 2,200ಕ್ಕೂ ಹೆಚ್ಚು ಜನ, ಜೀವರಕ್ಷಕ ದೋಣಿಗಳಲ್ಲಿ ಇದ್ದದ್ದು 1,178 ಜನಕ್ಕೆ ಜಾಗ. ಮಕ್ಕಳಿಗೆ ನಾನು ಇಷ್ಟನ್ನೇ ಹೇಳಿ, ಕಳೆಯುವ ಲೆಕ್ಕ ಮಾಡಿಸುತ್ತಿದ್ದೆ. ಇನ್ನೊಂದು ಲೆಕ್ಕವನ್ನು ಹೇಳುತ್ತಿರಲಿಲ್ಲ: ಮೊದಲ ದರ್ಜೆಯ ಹೆಂಗಸರಲ್ಲಿ ನೂರಕ್ಕೆ 97 ಮಂದಿ ಬದುಕಿದರು, ಮೂರನೆಯ ದರ್ಜೆಯ ಹೆಂಗಸರಲ್ಲಿ ಅರ್ಧಕ್ಕಿಂತ ಕಡಿಮೆ. ಆ ದುರಂತದ ಮೇಲೆಯೇ 1914ರಲ್ಲಿ ಸಮುದ್ರದ ಜೀವರಕ್ಷಣೆಗೆ ದೇಶದೇಶಗಳು ಕೂಡಿ ಕಾನೂನು ಬರೆದವು. 2012ರಲ್ಲಿ ಇಟಲಿಯ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತಾಗ, ಹೊಸದಾಗಿ ಹತ್ತಿದ ಎಷ್ಟೋ ಪ್ರಯಾಣಿಕರಿಗೆ ಇನ್ನೂ ಡ್ರಿಲ್ಲೇ ಆಗಿರಲಿಲ್ಲ. ಆಮೇಲೆ ಹಡಗು ಹೊರಡುವುದಕ್ಕೆ ಮುಂಚೆ ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕೆಂದು ನಿಯಮ ಬಿಗಿಯಾಯಿತು. ಸಂಜೆ ನನ್ನ ಪಕ್ಕದಲ್ಲಿ ಕೂಸನ್ನೆತ್ತಿಕೊಂಡು ನಿಂತ ತಾಯಿಗೆ ಜಾಗ ಸಿಕ್ಕಿದ್ದರ ಹಿಂದೆ ಇಷ್ಟೆಲ್ಲ ಸಾವು ಇದೆ. ಒಳ್ಳೆಯತನವನ್ನು ನಂಬಿಕೊಂಡು ಕೂರದೆ ಯಾರೋ ಅದನ್ನು ನಿಯಮ ಮಾಡಿದರು. ನಮ್ಮ ಕಟ್ಟೆಯಲ್ಲಿ ಅಂಥ ಅಕ್ಷರದ ಕಾರ್ಡು ಇರಲಿಲ್ಲ.

ಬೆಳಿಗ್ಗೆ ಮೇಲಿನ ಡೆಕ್ಕಿಗೆ ಹೋದೆ. ಹಡಗಿನ ದಿನಚರಿ ಅಷ್ಟು ಹೊತ್ತಿಗೇ ಶುರುವಾಗಿತ್ತು. ನನ್ನ ವಯಸ್ಸಿನವರು ಬೂಟು ಹಾಕಿಕೊಂಡು ಸುತ್ತು ಹೊಡೆಯುತ್ತಿದ್ದರು. ಬಫೆಯಲ್ಲಿ ಇಡ್ಲಿಗೂ ಪೋಹಾಕ್ಕೂ ಸಾಲು, ಪಕ್ಕದಲ್ಲಿ ಜೈನರ ಊಟ ಬೇರೆ. ಗುಜರಾತಿನ ಒಂದು ದೊಡ್ಡ ಗುಂಪು ಆಗಲೇ ಇಸ್ಪೀಟು ಹಾಸಿತ್ತು. ಮಧ್ಯಾಹ್ನದ ಹೊತ್ತಿಗೆ ಅಂತ್ಯಾಕ್ಷರಿ, ರಾತ್ರಿ ರಂಗಮಂದಿರದಲ್ಲಿ ಕುಣಿತ. ಎರಡೇ ದಿನಕ್ಕೆ ಜನ ಊರಿನವರ ಹಾಗೆ ಆಗಿಬಿಡುತ್ತಾರೆ. ಯಾರ ಮೊಮ್ಮಗುವಿಗೆ ಹೊಟ್ಟೆ ತೊಳಸುತ್ತಿದೆ, ಯಾರಿಗೆ ಮಂಡಿನೋವು ಎಂದು ಲಿಫ್ಟಿನಲ್ಲೇ ತಿಳಿಯುತ್ತದೆ. ನನಗೆ ಇದೆಲ್ಲ ಇಷ್ಟವಾಯಿತು. ಕಡಲನ್ನು ಸುಮ್ಮನೆ ನೋಡುತ್ತ ಕೂರುವುದು ಎಲ್ಲಕ್ಕಿಂತ ಇಷ್ಟವಾಯಿತು.

ಕೂರಲು ಹೋದರೆ, ಈಜುಕೊಳದ ಸುತ್ತಲಿನ ಒರಗುಕುರ್ಚಿಗಳ ಮೇಲೆಲ್ಲ ಟವೆಲ್ಲು. ಮನುಷ್ಯರಿಲ್ಲ, ಬರೀ ಟವೆಲ್ಲು. ನನಗೆ ಬಳ್ಳಾರಿಯ ಹಳೇ ಬಸ್‌ಸ್ಟ್ಯಾಂಡು ಕಣ್ಣಿಗೆ ಕಟ್ಟಿತು.

1983ರಲ್ಲಿ ನನಗೆ ಮೊದಲ ಕೆಲಸ ಸಿಕ್ಕಿದ್ದು ಕುರುಗೋಡಿನ ಹೈಸ್ಕೂಲಿನಲ್ಲಿ. ಇವತ್ತು ಕುರುಗೋಡು ತಾಲ್ಲೂಕು ಕೇಂದ್ರ. ಆಗ ಬಂಡೆಗುಡ್ಡದ ಬುಡದ ಊರು, ದೊಡ್ಡಬಸವೇಶ್ವರನ ಏಕಶಿಲೆಯ ಭಾರೀ ಬಸವಣ್ಣ, ಸುತ್ತ ಭತ್ತ ಮತ್ತು ಮೆಣಸಿನಕಾಯಿ ಹೊಲ. ಮನೆ ಬಳ್ಳಾರಿಯಲ್ಲಿ. ದಿನಾ ಹೋಗಿ ಬರುವ ಮೇಷ್ಟ್ರುಗಳು, ಬ್ಯಾಂಕಿನವರು, ನರ್ಸುಗಳು ಸೇರಿ ನಮ್ಮದೊಂದು ಬಳಗವಾಗಿತ್ತು. ಒಬ್ಬರ ಡಬ್ಬಿಯ ವಗ್ಗರಣಿ, ಇನ್ನೊಬ್ಬರ ಪೊಟ್ಟಣದ ಮಿರ್ಚಿ ಇಡೀ ಬಸ್ಸಿಗೆ ಹಂಚಿಹೋಗುತ್ತಿತ್ತು. ನನ್ನ ಮದುವೆ ಗೊತ್ತಾದ ಸುದ್ದಿ ಮನೆಯ ನೆಂಟರಿಗಿಂತ ಮೊದಲು ಆ ಬಸ್ಸಿಗೆ ತಿಳಿದಿತ್ತು. ಆ ನಾಲ್ಕು ವರ್ಷದ ಗೆಳೆತನ ನನ್ನನ್ನು ಈಗಲೂ ಸಾಕುತ್ತಿದೆ.

ಬಸ್ಸು ಸ್ಟ್ಯಾಂಡಿನೊಳಗೆ ತಿರುಗುತ್ತಿದ್ದ ಹಾಗೇ ನಮ್ಮವರು ಯಾರಾದರೂ ಓಡಿ ಕಿಟಕಿಯಿಂದ ಟವೆಲ್ಲು, ಕರವಸ್ತ್ರ, ಹಾಜರಿ ಪುಸ್ತಕ, ಸಿಕ್ಕಿದ್ದನ್ನು ಒಳಗೆ ಎಸೆಯುತ್ತಿದ್ದರು. ಅಲ್ಲಿಗೆ ಆ ಸೀಟು ನಮ್ಮದು. ನನ್ನ ಕರವಸ್ತ್ರವೂ ಎಷ್ಟೋ ಸೀಟುಗಳನ್ನು ಹಿಡಿದಿದೆ. ಮೆಣಸಿನಕಾಯಿ ಬಿಡಿಸಲು ಹೊರಟ ಕೂಲಿ ಹೆಂಗಸರು ನಮಗಿಂತ ಮೊದಲೇ ಬಂದು ಕಾದಿರುತ್ತಿದ್ದರು, ನಮ್ಮಷ್ಟೇ ದುಡ್ಡು ಕೊಟ್ಟು ಟಿಕೆಟ್ ತೆಗೆಯುತ್ತಿದ್ದರು. ಹತ್ತಿದ ಮೇಲೆ ಟವೆಲ್ಲು ನೋಡಿ, ಏನೂ ಅನ್ನದೆ, ಕೂಸುಗಳನ್ನು ಸೊಂಟಕ್ಕೇರಿಸಿಕೊಂಡು ಕಂಬ ಹಿಡಿದು ನಿಲ್ಲುತ್ತಿದ್ದರು. ಒಂದೆರಡು ಸಲ ನಾನು ಕೂಸನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಿದ್ದೇನೆ. ಅದನ್ನೇ ದೊಡ್ಡದಾಗಿ ನೆನಪಿಟ್ಟುಕೊಂಡಿದ್ದೆ. ಎದ್ದು ಸೀಟು ಬಿಟ್ಟುಕೊಡಲಿಲ್ಲ ಎನ್ನುವುದು ಹಡಗಿನ ಮೇಲೆ, ಆ ಟವೆಲ್ಲುಗಳ ಎದುರಿಗೆ ನೆನಪಾಯಿತು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ನಾನು ಬಿ.ಎಸ್ಸಿ., ಬಿ.ಎಡ್. ಮಾಡಿದ್ದೆ, ವಚನಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. 'ಮುಂದಿನ ಸರ್ತಿ' ಎಂದು ನಾನು ಬಾಯಲ್ಲಿ ಹೇಳಲಿಲ್ಲ, ಅಷ್ಟೇ.

ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದ ಹುಡುಗ ಒಡಿಶಾದ ಕಡಲ ಕಡೆಯವನು. ನಾವು ತಿಂಡಿಗೆ ಹೋಗಿ ಬರುವುದರೊಳಗೆ ಹಾಸಿಗೆ ಸರಿಪಡಿಸಿ, ಟವೆಲ್ಲನ್ನು ಮಡಚಿ ಆನೆ ಮಾಡಿ ಕೂರಿಸಿರುತ್ತಿದ್ದ. ಎರಡನೆಯ ದಿನ ಅವನನ್ನು ತಡೆದು ನಿಲ್ಲಿಸಿ ನನ್ನ ಹರಕು ಹಿಂದಿಯಲ್ಲಿ ಮಾತಾಡಿಸಿದೆ. ಮನೆ ಬಿಟ್ಟು ಆರು ತಿಂಗಳಾಗಿತ್ತು. ಅಪ್ಪ ಮೀನುಗಾರ. ತಂಗಿಯ ಓದಿಗೆ ಇವನ ದುಡ್ಡು. "ನಿನ್ನ ಕೋಣೆ ಎಲ್ಲಿ, ಕಿಟಕಿ ಇದೆಯೇನು?" ಎಂದೆ. ಇಂಥ ಹಡಗುಗಳಲ್ಲಿ ಕೆಲಸದವರು ಮಲಗುವುದು ಕೆಳಗಿನ ಅಂತಸ್ತುಗಳಲ್ಲಿ, ನೀರಿನ ಮಟ್ಟದ ಆಸುಪಾಸು. "ಅಲ್ಲಿ ಕಿಟಕಿ ಇದ್ದರೆ ಮೀನು ಕಾಣಿಸುತ್ತದೆ, ಮಾಜಿ" ಎಂದು ನಕ್ಕ. ಅವನಿಗೆ ಊರಿನ ಹೊಳೆ, ಹರಗೋಲು, ಅಂಬಿಗರ ತಾತನ ಬಗ್ಗೆ ಹೇಳಿದೆ. ಅವನಿಗೆ ಬಹಳ ಹಿಡಿಸಿದ್ದು ತಾತ ಮೊದಲು ಮೇಲಕ್ಕೆ ಎಳೆದುಕೊಂಡು ಹೋಗಿ ಆಮೇಲೆ ಬಿಡುತ್ತಿದ್ದ ಮಾತು. ತನ್ನ ಅಪ್ಪನೂ ಅಳಿವೆಯಲ್ಲಿ ಹಾಗೇ ಮಾಡುತ್ತಾನೆಂದ. ಅವನ ಹೆಸರು ಕೇಳಿ, ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡೆ. ಅಂಬಿಗರ ತಾತನನ್ನು ನಾನು ತಾತ ಎಂದೇ ಕರೆದೆನೇ ಹೊರತು ಅವನ ಹೆಸರನ್ನು ಯಾವತ್ತೂ ಕೇಳಿರಲಿಲ್ಲ.

ಗೋವೆಯ ಮಾರ್ಮಗೋವಾದಲ್ಲಿ ಇಳಿದು ಹತ್ತಿ, ಮತ್ತೆ ಮುಂಬಯಿಗೆ ಬಂದು, ಬಳ್ಳಾರಿಗೆ ಮರಳಿದೆ. ಸಂಕ್ರಾಂತಿಯ ಹೊತ್ತಿಗೆ ತಡೆಯಲಾಗದೆ ಹೊಳೆಯಾಚೆಯ ಊರಿಗೆ ಹೋದೆ. ಸೇತುವೆಯ ಮೇಲೆ ಬಸ್ಸು ನಿಲ್ಲಲಿಲ್ಲ. ಕಟ್ಟೆಯ ಕಡೆ ನಡೆದು ಹೋಗಿ ನೋಡಿದೆ. ಮೀನಿನವರ ಹರಗೋಲೊಂದು ಬೋರಲು ಬಿದ್ದಿತ್ತು, ಹೊದಿಕೆ ನೀಲಿ ಪ್ಲಾಸ್ಟಿಕ್ಕಿನದು. ಜಾಲಿಗಿಡವಿದ್ದ ಜಾಗದಲ್ಲಿ ಪಂಪ್‌ಸೆಟ್ಟಿನ ಮನೆ ಇದೆ.

ಸಣ್ಣ ಮಾಮನಿಗೆ ಈಗ ಎಂಬತ್ತು ದಾಟಿದೆ. ಕಣ್ಣು ಮಂದ, ನೆನಪು ಚುರುಕು. ಪಡಸಾಲೆಯ ಹೊರಸಿನ ಮೇಲೆ ಅವನ ಪಕ್ಕ ಕೂತು ಕೇಳಿದೆ. "ಮಾಮ, ಆ ವರ್ಷ ಶ್ರಾವಣದಾಗ, ಕೇರಿಯ ಹೆಂಗಸೊಬ್ಬಾಕಿ ಜ್ವರದ ಕೂಸು ಎತ್ತಿಕೊಂಡು ಬಂದಿದ್ಲು. ಅಜ್ಜಿ ಹತ್ತಗೊಡಲಿಲ್ಲ. ಅವತ್ತಿಂದು ನಿನಗೇನಾರ ನೆನಪೈತಾ?"

ಮಾಮ ನನ್ನ ಕಡೆ ಮುಖ ತಿರುಗಿಸಿದ. "ಅವತ್ತು ಅಂದ್ರ ಯಾವತ್ತವ್ವ? ದಿನಾ ಹಂಗಽ ಇತ್ತಲ್ಲ."

ನಾನು ಸುಮ್ಮನಾದೆ. ರಜೆ ರಜೆಗೂ, ಹಬ್ಬ ಹಬ್ಬಕ್ಕೂ, ಹನ್ನೆರಡು ವರ್ಷ ಆ ಹೊಳೆ ದಾಟಿದ್ದೇನೆ. ಜಾಲಿಗಿಡದಡಿ ಪ್ರತಿ ಸಲವೂ ಜನ ಇದ್ದರು. ನಾನು ಉಳಿಸಿಕೊಂಡದ್ದು ಒಂದೇ ಮುಖ, ಒಂದೇ ದಿನ.

ಆ ಹೆಂಗಸಿನ ಹೆಸರಾದರೂ ನೆನಪಾದೀತೇನೋ ಎಂದು ಕೇಳಿದೆ. ಮಾಮ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದ. ಅಂಬಿಗರ ತಾತನ ಹೆಸರು ಬಂತು. ಆ ವರ್ಷ ಹೊಳೆಯಲ್ಲಿ ಕೊಚ್ಚಿಹೋದ ನಮ್ಮ ಎರಡು ಎತ್ತುಗಳ ಹೆಸರು ಬಂತು, ಅವುಗಳ ಹಣೆಯ ಸುಳಿ ಹೇಗಿತ್ತು ಎನ್ನುವುದೂ ಬಂತು. ಆಕೆಯ ಹೆಸರು ಬರಲಿಲ್ಲ.